‘ಸ್ಕಿನ್ ಕಲರ್’ ಟ್ಯೂಬು ಯಾರ ಚರ್ಮಕ್ಕೆ?

ಗೆಳೆಯರೇ, ಇವತ್ತು ಸ್ವಲ್ಪ ಜಗಳದ ಮೂಡಿನಲ್ಲಿದ್ದೇನೆ. ಬೇಜಾರು ಮಾಡ್ಕೋಬೇಡಿ :-)

ತೈಲವರ್ಣ ಕಲಿತ ಹೊಸತರಲ್ಲಿ ಅಜ್ಜಿಯ ಭಾವಚಿತ್ರ ಬರೆಯಲು ಕೂತಿದ್ದೆ. ಅಂಗಡಿಯವರು ‘ಸ್ಕಿನ್ ಕಲರ್’ ಅಂತ ಒಂದು ಟ್ಯೂಬು ಕೊಟ್ಟಿದ್ದರು. ಹಿಂಡಿ ನೋಡಿದರೆ ಗುಲಾಬಿ ಬೆರೆತ ಬಿಳಿ! ಅಜ್ಜಿಯ ಬಣ್ಣ ಬರಲೆಂದು ಅದಕ್ಕೆ ಕಪ್ಪು ಸೇರಿಸಿದೆ. ಮುಖಕ್ಕೆ ಬೂದಿ ಬಳಿದ ಹಾಗಾಯ್ತು. ಅಜ್ಜಿ ನೋಡಿ, “ನಂಗೆ ಹುಷಾರಿಲ್ದೇ ಇದ್ದಾಗ ಬರ್ದಿದ್ದೇನೋ ಮಗಾ?” ಅಂದಳು.

ಅಮೆರಿಕದ ಕ್ರಯೋಲಾ ಕಂಪನಿ ತನ್ನ ‘ಫ್ಲೆಶ್’ ಕ್ರಯಾನಿನ ಹೆಸರನ್ನು 1962ರಲ್ಲೇ ‘ಪೀಚ್’ ಅಂತ ಬದಲಿಸಿತು. ನಮ್ಮ ಮನೆ ಮಕ್ಕಳು ಮಾತ್ರ ತಮ್ಮದೇ ಚಿತ್ರ ಬರೆಯುವಾಗ ಇವತ್ತಿಗೂ ಆ ಪೀಚ್ ಬಣ್ಣವನ್ನೇ ಹುಡುಕುತ್ತವೆ. ಎಣ್ಣೆಗೆಂಪು, ಎಣ್ಣೆಗಪ್ಪು, ಗೋಧಿ ಬಣ್ಣ ಅಂತ ನಮ್ಮ ಭಾಷೆಯಲ್ಲಿ ಇಷ್ಟೆಲ್ಲ ಹೆಸರಿರುವಾಗ ಒಂದೇ ಟ್ಯೂಬನ್ನು ‘ಮೈಬಣ್ಣ’ ಅನ್ನೋದು ಯಾವ ನ್ಯಾಯ?

“ಹೊಸಬರಿಗೆ ಸುಲಭ ಅಲ್ವಾ?” ಅಂತೀರಾ. ಅಲ್ಲ ಸ್ವಾಮೀ. ಯೆಲ್ಲೋ ಓಕರ್, ಬರ್ನ್ಟ್ ಸಿಯೆನ್ನಾ, ಒಂದು ಕೆಂಪು, ಅಲ್ಟ್ರಾಮರೀನ್ ನೀಲಿ, ಬಿಳಿ... ಐದೇ ಸಾಕು. ಸ್ವೀಡನ್ನಿನ ಆಂಡರ್ಸ್ ಜೋರ್ನ್ (1860–1920) ಹೆಸರಿನಲ್ಲಿ ಪ್ರಸಿದ್ಧವಾದ ಪ್ಯಾಲೆಟ್ಟಿನಲ್ಲಿ ನಾಲ್ಕೇ ಬಣ್ಣ: ಓಕರ್, ವರ್ಮಿಲಿಯನ್, ಕಪ್ಪು, ಬಿಳಿ. ಅಲ್ಲಿ ಕಪ್ಪು ಇರುವುದು ನೀಲಿಯ ಕೆಲಸ ಮಾಡಲಿಕ್ಕೆ. ಕೆಂಪು, ಹಳದಿಯ ಪಕ್ಕದಲ್ಲಿ ಅದು ತಣ್ಣಗೆ ಕಾಣುತ್ತೆ.

ಸಿಯೆನ್ನಾಗೆ ಅಲ್ಟ್ರಾಮರೀನ್ ಬೆರೆಸಿ ನೋಡಿ, ಕಪ್ಪು ಚರ್ಮದ ನೆರಳಿಗೆ ಜೀವ ಬರುತ್ತೆ. ತಿಳಿ ಮಾಡಲು ಬರೀ ಬಿಳಿ ಸುರಿದರೆ ಸುಣ್ಣ ಹೊಡೆದಂತೆ. ಮೊದಲು ಓಕರ್, ಆಮೇಲೆ ಚೂರೇ ಬಿಳಿ. ಕಿಟಕಿಯ ಬೆಳಕಿನಲ್ಲಿ ಕಪ್ಪು ಹಣೆಯ ಹೊಳಪು ನೀಲಿಗಿರುತ್ತೆ, ಕಿವಿ, ಮೂಗಿನ ತುದಿ ಕೆಂಪಗಿರುತ್ತೆ, ಗಡ್ಡ ಬೋಳಿಸಿದ ಗಲ್ಲ ಹಸಿರು ಛಾಯೆಗೆ ತಿರುಗುತ್ತೆ. ಒಂದೇ ಮುಖದಲ್ಲಿ ಇಷ್ಟು ಬಣ್ಣ ಇರುವಾಗ ಒಂದು ಟ್ಯೂಬು ಏನು ಮಾಡೀತು?

ನನ್ನ ಮಾತು ನಂಬಬೇಡಿ. ಅಮೃತಾ ಶೇರ್-ಗಿಲ್ 1937ರಲ್ಲಿ ಬರೆದ ‘ಬ್ರಹ್ಮಚಾರಿಗಳು’ ನೋಡಿ. ಐದು ಜನ ಕೂತಿದ್ದಾರೆ, ಒಬ್ಬರ ಬಣ್ಣ ಇನ್ನೊಬ್ಬರದಲ್ಲ.

ಕಪ್ಪು ಮುಖ ಬರೆಯೋದು ಕಷ್ಟ ಅಂತ ನಮಗೆ ಹೇಳಿಕೊಟ್ಟವರಿದ್ದಾರೆ. ಕಷ್ಟ ಅಲ್ಲ, ನೋಡದೇ ಬರೆಯೋ ಅಭ್ಯಾಸ ಅಷ್ಟೇ. ಕಡೆಗೆ ಆ ಮುಖವನ್ನು ಕೆರೆದು ಹಾಕಿ, ಅಜ್ಜಿಯನ್ನು ಜಗಲಿಯ ಬೆಳಕಿನಲ್ಲಿ ಕೂರಿಸಿಕೊಂಡು ಮತ್ತೆ ಬರೆದೆ. ಕನ್ನಡಕ ಏರಿಸಿಕೊಂಡು ನೋಡಿ, “ಹ್ಞೂಂ, ಈಗ ನಾನೇ” ಅಂದಳು.

ಆ ಟ್ಯೂಬಿನ ಪರ ಯಾರಾದ್ರೂ ಇದ್ರೆ ಬನ್ನಿ, ಜಗಳ ಮುಂದುವರಿಸೋಣ!