ಗೋಲ್‌ಕೀಪರ್‌ಗೆ ಎರಡನೇ ಇನಿಂಗ್ಸ್ ಇಲ್ವಾ?

ಜಿ. ಆರ್. ವಿಶ್ವನಾಥ್ ಭದ್ರಾವತಿಯವರು ಅಂತ ಶಿವಮೊಗ್ಗದಲ್ಲಿರೋ ನಾವೂ ಜಂಬ ಕೊಚ್ಚಿಕೊಳ್ತೀವಿ. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ವಿರುದ್ಧ ತಮ್ಮ ಮೊದಲ ಟೆಸ್ಟ್ ಆಡಿದಾಗ ಮೊದಲ ಇನಿಂಗ್ಸ್‌ನಲ್ಲಿ ಅವರು ಹೊಡೆದದ್ದು ಸೊನ್ನೆ, ಎರಡನೆಯದರಲ್ಲಿ 137. ಹಾಗಾಗಿ ಆ ಸೊನ್ನೆಯನ್ನೂ ಈಗ ಖುಷಿಯಿಂದಲೇ ಹೇಳ್ತೀವಿ. ಆದ್ರೆ ಗೋಲ್‌ಕೀಪರ್‌ಗೆ ಎರಡನೇ ಇನಿಂಗ್ಸ್ ಎಲ್ಲಿದೆ?

‘ಚಕ್ ದೇ ಇಂಡಿಯಾ’ ನಾವೆಲ್ಲ ನೋಡಿದ್ದೀವಿ. ಅದರ ನಟಿಯರಿಗೆ ಹಾಕಿ ಕಲಿಸಿದ ಮೀರ್ ರಂಜನ್ ನೇಗಿ ಹೆಸರು ಮಾತ್ರ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. 1982ರ ದೆಹಲಿ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಪಾಕಿಸ್ತಾನದ ಎದುರು ಭಾರತ 1-7ರಿಂದ ಸೋತಾಗ ಗೋಲಿನಲ್ಲಿ ನಿಂತಿದ್ದವರು ಅವರು. ದುಡ್ಡು ತಗೊಂಡು ಮ್ಯಾಚ್ ಬಿಟ್ಟುಕೊಟ್ಟ ಅನ್ನೋ ತನಕ ಮಾತು ಹೋಯ್ತು. ಪುರಾವೆ ಯಾರೂ ಕೊಡಲಿಲ್ಲ. ಚೆಂಡು ಡಿ ಒಳಗೆ ಬರೋವರೆಗೆ ಉಳಿದ ಹತ್ತು ಜನ ಏನ್ ಮಾಡ್ತಿದ್ರು ಅಂತ ಕೇಳಿದವರೂ ಕಡಿಮೆ.

16 ವರ್ಷ ಆದಮೇಲೆ, 1998ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ಗೆ ಅದೇ ನೇಗಿ ಗೋಲ್‌ಕೀಪಿಂಗ್ ಕೋಚ್. ಗೋಲಿನಲ್ಲಿ ನಮ್ಮ ಬೆಂಗಳೂರಿನ ಆಶಿಶ್ ಬಲ್ಲಾಳ್. ದಕ್ಷಿಣ ಕೊರಿಯಾ ವಿರುದ್ಧದ ಫೈನಲ್ 1-1ರಲ್ಲಿ ನಿಂತಿತು. ಟೈಬ್ರೇಕರ್‌ನಲ್ಲಿ ಬಲ್ಲಾಳ್ ತಡೆದರು, ಭಾರತ ಗೆದ್ದಿತು. 1966ರ ನಂತರ ಏಷ್ಯನ್ ಗೇಮ್ಸ್ ಹಾಕಿಯಲ್ಲಿ ಸಿಕ್ಕ ಮೊದಲ ಚಿನ್ನ ಅದು. ನೇಗಿಗೆ ಎರಡನೇ ಇನಿಂಗ್ಸ್ ಸಿಕ್ಕಿದ್ದು ಹೀಗೆ, ಅದೂ ಇನ್ನೊಬ್ಬರ ಕೈಯಿಂದ. ಆದ್ರೆ ಕೆಲವೇ ತಿಂಗಳಲ್ಲಿ ಧನರಾಜ್ ಪಿಳ್ಳೈ, ಬಲ್ಲಾಳ್ ಸೇರಿ ಆ ತಂಡದ ಹಲವರನ್ನು ಕೈಬಿಟ್ಟರು. ತಡೆದರೂ ಗತಿ ಇಷ್ಟೇ!

ಜೆಇಇಯಲ್ಲಿ ತಪ್ಪಿಗೆ ಮೈನಸ್ ಒಂದು ಇದ್ರೂ ಸರಿ ಉತ್ತರಕ್ಕೆ ಪ್ಲಸ್ ನಾಲ್ಕು ಇತ್ತು. ಗೋಲ್‌ಕೀಪರ್‌ಗೆ ಬರೀ ಮೈನಸ್.

ಇದನ್ನೆಲ್ಲ ಈಗ ಹೇಳೋಕೆ ಕಾರಣ ಇದೆ. ಇಂಟರ್‌ ಬ್ರಾಂಚ್ ಫುಟ್‌ಬಾಲ್ ಮುಗಿದು ವಾರ ಆದ್ರೂ ನಮ್ಮ ಬ್ರಾಂಚಿನ ಕೀಪರ್ ಮುಖದ ಸ್ಟಿಕ್ಕರ್‌ಗಳು ಕ್ಲಾಸ್ ಗ್ರೂಪಿನಲ್ಲಿ ನಿಂತಿಲ್ಲ. ಅವನು ಗ್ರೌಂಡಿಗೆ ಬರೋದೇ ಬಿಟ್ಟಿದ್ದಾನೆ. ಟೀಕೆ ಬೇಡ ಅಂತ ನಾವು ಹೇಳ್ತಿಲ್ಲ. ಮುಂದೆ ನುಗ್ಗೋದು ತಡ ಆಯ್ತು, ಕಾರ್ನರ್‌ನಲ್ಲಿ ಜಾಗ ತಪ್ಪಿದ ಅನ್ನಿ, ಅವನು ಕೇಳ್ತಾನೆ, ತಿದ್ದಿಕೊಳ್ತಾನೆ. ‘ಎಷ್ಟಕ್ಕೆ ಮಾರ್ಕೊಂಡೆ’ ಅನ್ನೋದನ್ನ ತಿದ್ದಿಕೊಳ್ಳೋದು ಹೇಗೆ? ಅಂದು ಡಿಫೆನ್ಸ್ ಪೂರ್ತಿ ಎದುರಾಳಿಗಳ ಹಾಫಿನಲ್ಲಿತ್ತು. ಅವರ ಸ್ಟಿಕ್ಕರ್ ಒಂದೂ ಇಲ್ಲ.

ಸ್ಟಿಕ್ಕರ್ ಮಾಡಿದವರು ಶನಿವಾರ ಸಂಜೆ ಗ್ರೌಂಡಿಗೆ ಬನ್ನಿ, ಅರ್ಧ ಗಂಟೆ ಗೋಲಿನಲ್ಲಿ ನಿಲ್ಲಿ. ಗ್ಲೌಸ್ ನಾವು ಕೊಡ್ತೀವಿ.