ಬೀಗದಕೈ ಯಾರ ಕೈಗೆ?

ಮದುವೆ ಮನೆಯಲ್ಲಿ ಉಗ್ರಾಣದ ಬೀಗದಕೈಯನ್ನು ಯಾರಿಗೆ ಕೊಡಬೇಕು ಅನ್ನೋದನ್ನ ನಾವು ಹೆಂಗಸರು ಎಷ್ಟು ಯೋಚಿಸಿ ತೀರ್ಮಾನ ಮಾಡ್ತೇವೆ! ಕೈ ಬಿಗಿ ಇರುವವರಿಗೆ ಕೊಟ್ಟರೆ ಎಲೆಗೆ ತುಪ್ಪ ಬೀಳುವುದಿಲ್ಲ. ಕೈ ಸಡಿಲ ಇರುವವರಿಗೆ ಕೊಟ್ಟರೆ ಎರಡನೇ ಪಂಕ್ತಿಗೆ ಹೋಳಿಗೆ ಉಳಿಯುವುದಿಲ್ಲ. ಎರಡು ದಿನದ ಉಗ್ರಾಣಕ್ಕೇ ಇಷ್ಟು ಲೆಕ್ಕಾಚಾರ. ಜೀವಮಾನವೆಲ್ಲ ಕೂಡಿಟ್ಟ ಮನೆ, ಒಡವೆ, ನಾಲ್ಕು ಕಾಸು, ಇವುಗಳ ಬೀಗದಕೈ ನಮ್ಮ ನಂತರ ಯಾರಿಗೆ ಅಂತ ಕೇಳಿದರೆ ಮಾತ್ರ "ಬಿಡ್ತು ಅನ್ನಿ, ಒಳ್ಳೇ ಮಾತಾಡಿ" ಅಂತ ಬಾಯಿ ಮುಚ್ಚಿಸುತ್ತೇವೆ.

ಉಯಿಲು ಬರೆದರೆ ಯಾರ ಆಯುಸ್ಸೂ ಕಡಿಮೆಯಾಗೋದಿಲ್ಲ, ಸೋದರಿಯರೇ. ಅದಕ್ಕೆ ಛಾಪಾ ಕಾಗದ ಬೇಡ, ಬಿಳೀ ಹಾಳೆ ಸಾಕು. ನೋಂದಣಿಯೂ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು ಅಷ್ಟೆ. ಕಷ್ಟ ಇರುವುದು ಬರೆಯುವುದರಲ್ಲಲ್ಲ, ಯಾವ ಕೆಲಸಕ್ಕೆ ಯಾರು ಅಂತ ಆರಿಸುವುದರಲ್ಲಿ. (ಇಲ್ಲಿ ಹೇಳುತ್ತಿರುವುದು ಹಿಂದೂ ಕುಟುಂಬಗಳಿಗೆ ಅನ್ವಯಿಸುವ ಕಾನೂನು. ಮುಸ್ಲಿಂ, ಕ್ರೈಸ್ತ ಸೋದರಿಯರು ತಮ್ಮ ಕಾನೂನನ್ನು ವಕೀಲರಲ್ಲಿ ಕೇಳಿ ತಿಳಿಯಬೇಕು.)

ಮೊದಲು ನಾಮಿನಿ. ಬ್ಯಾಂಕಿನ ಅರ್ಜಿ ತುಂಬುವಾಗ ಆ ಹೊತ್ತಿಗೆ ಪಕ್ಕದಲ್ಲಿ ನಿಂತವರ ಹೆಸರು ಬರೆದುಬಿಡುತ್ತೇವೆ. ನಮ್ಮ ಬೀದಿಯ ಒಬ್ಬಾಕೆಯ ಗಂಡ ಮದುವೆಗೆ ಮುಂಚೆ ಇಟ್ಟ ಠೇವಣಿಗೆ ತಮ್ಮನ ಹೆಸರು ಕೊಟ್ಟಿದ್ದರು, ಆಮೇಲೆ ಬದಲಿಸಲಿಲ್ಲ. ಅವರು ತೀರಿಕೊಂಡಾಗ ಹಣ ಮೈದುನನ ಕೈಸೇರಿತು. "ನಾಮಿನಿ ನಾನು, ಹಣ ನನ್ನದು" ಅಂದ ಅವನು. ಮನೆಯ ಹಿರಿಯರೂ ಹೌದೌದು ಅಂದರು. ಈಕೆ ಎರಡು ವರ್ಷ ಸುಮ್ಮನಿದ್ದಳು, ಮಕ್ಕಳ ಶಾಲೆ ಫೀಸಿಗೆ ಬಳೆ ಅಡವಿಟ್ಟಳು. ಕೊನೆಗೆ ವಕೀಲರೊಬ್ಬರು ತಿಳಿಸಿದ ಮೇಲೆ ಗೊತ್ತಾದದ್ದು ಏನೆಂದರೆ, ಠೇವಣಿಯ ನಾಮಿನಿ ಬರೀ ಹಣ ಇಸಿದುಕೊಳ್ಳುವವನು, ಒಡೆಯನಲ್ಲ. ಉಯಿಲಿಲ್ಲದೆ ತೀರಿಕೊಂಡ ಗಂಡಸಿನ ಆಸ್ತಿ ತಾಯಿ, ಹೆಂಡತಿ, ಮಕ್ಕಳಿಗೆ ಸಮಪಾಲು. ಅವಳ ಅತ್ತೆಯೂ ಬದುಕಿದ್ದರಿಂದ ಹಣ ನಾಲ್ಕು ಪಾಲಾಯಿತು. ಬಂತು, ಆದರೆ ಸಂಬಂಧ ಹರಿದುಹೋಯಿತು.

ವಿಮೆಯ ವಿಷಯ ಸ್ವಲ್ಪ ಬೇರೆ. 1984ರಲ್ಲಿ ಸುಪ್ರೀಂ ಕೋರ್ಟು ವಿಮೆಯ ನಾಮಿನಿಯೂ ಒಡೆಯನಲ್ಲ ಅಂತಲೇ ಹೇಳಿತ್ತು. 2015ರ ತಿದ್ದುಪಡಿಯ ನಂತರ ತಂದೆತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳನ್ನು ನಾಮಿನಿ ಮಾಡಿದ್ದರೆ ಆ ಹಣ ಸಾಮಾನ್ಯವಾಗಿ ಅವರಿಗೇ ಸೇರುತ್ತದೆ. ಬ್ಯಾಂಕ್ ಠೇವಣಿಗೆ 2025ರ ನವೆಂಬರ್ 1ರಿಂದ ನಾಲ್ಕು ಜನರವರೆಗೆ ನಾಮಿನಿ ಬರೆಸಬಹುದು, ಯಾರಿಗೆ ಶೇಕಡಾ ಎಷ್ಟು ಅಂತಲೂ ಹೇಳಬಹುದು. ಈ ವಾರವೇ ಪಾಸ್‌ಪುಸ್ತಕಗಳನ್ನು ತೆಗೆದು ನೋಡಿ. ಉಯಿಲಿನಲ್ಲಿ ಒಂದು ಹೆಸರು, ಬ್ಯಾಂಕಿನಲ್ಲಿ ಇನ್ನೊಂದು ಹೆಸರು ಇದ್ದರೆ ಜಗಳಕ್ಕೆ ನಾವೇ ಎಲೆ ಹಾಕಿದ ಹಾಗೆ.

ಎರಡನೆಯವರು ಉಯಿಲನ್ನು ಜಾರಿ ಮಾಡುವವರು, ವಕೀಲರ ಮಾತಿನಲ್ಲಿ ಎಕ್ಸಿಕ್ಯೂಟರ್. ಉಗ್ರಾಣದ ಬೀಗದಕೈ ನಿಜವಾಗಿ ಇವರದೇ. ಸಾಲ ತೀರಿಸಿ, ಬರಬೇಕಾದ್ದನ್ನು ವಸೂಲು ಮಾಡಿ, ಉಳಿದದ್ದನ್ನು ಬರೆದಂತೆ ಹಂಚುವ ಕೆಲಸ. "ಹಿರೀಮಗ ಇದಾನಲ್ಲ" ಅಂತ ಸುಮ್ಮನಾಗಬೇಡಿ. ಹಿರಿತನ ಬೇರೆ, ಲೆಕ್ಕ ಇಡುವ ಗುಣ ಬೇರೆ. ಹತ್ತು ರೂಪಾಯಿ ಚಿಲ್ಲರೆಗೂ ಲೆಕ್ಕ ಒಪ್ಪಿಸುವವರು, ಕಚೇರಿಗೆ ನಾಲ್ಕು ಸಲ ಅಲೆದರೂ ಬೇಸರಿಸದವರು, ನಿಮಗಿಂತ ವಯಸ್ಸಿನಲ್ಲಿ ಚಿಕ್ಕವರು, ಸಾಧ್ಯವಾದರೆ ಅದೇ ಊರಿನವರು ಆಗಲಿ. ಪಾಲು ಪಡೆಯುವವರೇ ಆಗಿದ್ದರೂ ಅಡ್ಡಿಯಿಲ್ಲ. ಆದರೆ ಈ ಕೆಲಸವನ್ನು ಯಾರ ತಲೆಗೂ ಬಲವಂತವಾಗಿ ಕಟ್ಟುವಂತಿಲ್ಲ, ಒಲ್ಲೆ ಅನ್ನುವ ಹಕ್ಕು ಅವರಿಗಿದೆ. ಆದ್ದರಿಂದ ಮೊದಲೇ ಕೇಳಿ ಒಪ್ಪಿಸಿ, ಅವರಿಲ್ಲದಿದ್ದರೆ ಇಂಥವರು ಅಂತ ಇನ್ನೊಂದು ಹೆಸರೂ ಬರೆಯಿರಿ. ನಾನು ನನ್ನ ಉಯಿಲಿಗೆ ಅಣ್ಣನನ್ನು ಬಿಟ್ಟು ನಾದಿನಿಯ ಹೆಸರು ಬರೆದಿದ್ದೇನೆ. ಅಣ್ಣನಿಗೆ ಪ್ರೀತಿ ಹೆಚ್ಚು, ಪ್ರೀತಿಗೆ ರಸೀದಿ ಜೋಡಿಸಿಡುವ ಅಭ್ಯಾಸವಿಲ್ಲ!

ಮೂರನೆಯದು ಸಾಕ್ಷಿಗಳು. ಕನಿಷ್ಠ ಇಬ್ಬರು ಬೇಕು. ನೀವು ರುಜು ಹಾಕಿದ್ದನ್ನು ಅವರು ಕಂಡಿರಬೇಕು, ಇಲ್ಲವೇ "ಇದು ನನ್ನ ರುಜು" ಅಂತ ನೀವು ಅವರಿಗೆ ಹೇಳಿರಬೇಕು. ನಿಮ್ಮೆದುರಿಗೆ ಅವರೂ ರುಜು ಹಾಕಬೇಕು. ಒಳಗೇನಿದೆ ಅಂತ ಅವರಿಗೆ ತೋರಿಸಬೇಕಿಲ್ಲ. ಮುಂದೆ ತಕರಾರು ಬಂದರೆ ಅವರಲ್ಲೊಬ್ಬರು ಕೋರ್ಟಿಗೆ ಬಂದು ಹೇಳಬೇಕಾಗುತ್ತದೆ, ಅದಕ್ಕೇ ವರ್ಗವಾಗಿ ಊರೂರು ತಿರುಗುವವರೂ ಹಣ್ಣು ಮುದುಕರೂ ಬೇಡ. ಪಾಲು ಪಡೆಯುವವರ ರುಜುವನ್ನಂತೂ ಹಾಕಿಸಬೇಡಿ, ಅನುಮಾನಕ್ಕೆ ಅದೇ ಮೊದಲ ಬಾಗಿಲು. ವಯಸ್ಸಾದವರು ಬರೆಯುವಾಗ ಪರಿಚಯದ ಡಾಕ್ಟರು ಸಾಕ್ಷಿಯಾದರೆ "ಬುದ್ಧಿ ಸ್ಥಿಮಿತದಲ್ಲಿರಲಿಲ್ಲ" ಅನ್ನುವ ಮಾತಿಗೆ ಜಾಗವಿರದು.

ನಾಲ್ಕನೆಯದು ಕೇಳಲಿಕ್ಕೇ ಎದೆ ಭಾರವಾಗುವ ಮಾತು. ಚಿಕ್ಕ ಮಕ್ಕಳಿದ್ದು, ಗಂಡಹೆಂಡತಿ ಇಬ್ಬರೂ ಇಲ್ಲವಾದರೆ ಮಕ್ಕಳು ಯಾರ ಮನೆಗೆ? 1956ರ ಕಾನೂನಿನಂತೆ ತಂದೆ ಉಯಿಲಿನಲ್ಲಿ ಪಾಲಕರನ್ನು ಹೆಸರಿಸಿದ್ದರೂ ತಾಯಿ ಬದುಕಿದ್ದರೆ ತಾಯಿಯೇ ಪಾಲಕಿ, ಮತ್ತು ತಾಯಿ ತನ್ನ ಉಯಿಲಿನಲ್ಲಿ ಬರೆದ ಹೆಸರೇ ನಿಲ್ಲುತ್ತದೆ. ಹಾಗಾಗಿ ಇಬ್ಬರೂ ಕೂತು ಮಾತಾಡಿ ಒಂದೇ ಹೆಸರು ಬರೆಯುವುದು ಲೇಸು. ಹಣವಂತರನ್ನು ಹುಡುಕಬೇಡಿ, ಮಗು ಜ್ವರ ಬಂದಾಗ ಯಾರ ಮಡಿಲಲ್ಲಿ ಅಳು ನಿಲ್ಲಿಸುತ್ತದೆ ನೋಡಿ. ಮಗುವನ್ನು ಒಬ್ಬರು, ಮಗುವಿನ ಹಣವನ್ನು ಇನ್ನೊಬ್ಬರು ನೋಡಿಕೊಳ್ಳುವಂತೆಯೂ ಬರೆಯಬಹುದು. ಹದಿನಾಲ್ಕರ ನನ್ನ ಮಗಳನ್ನೇ ಕೇಳಿದೆವು. ನಮ್ಮವರು ತಮ್ಮ ಅಣ್ಣನ ಹೆಸರು ಅಂದುಕೊಂಡಿದ್ದರು. ಅವಳು ಒಂದು ಕ್ಷಣ ಸುಮ್ಮನಿದ್ದು "ಚಿಕ್ಕಮ್ಮನ ಮನೆ" ಅಂದಳು. ನಮ್ಮವರು ಮಾತಾಡಲಿಲ್ಲ, ಪೆನ್ನು ತೆಗೆದು ಅದನ್ನೇ ಬರೆದರು.

ಪವರ್ ಆಫ್ ಅಟಾರ್ನಿ ಅಂತ ಇನ್ನೊಂದಿದೆ. ನಾವು ಬದುಕಿರುವಾಗ ನಮ್ಮ ಪರವಾಗಿ ವ್ಯವಹರಿಸಲು ಕೊಡುವ ಅಧಿಕಾರ ಅದು, ಕೊಟ್ಟವರ ಕಾಲವಾದ ಕ್ಷಣಕ್ಕೆ ಮುಗಿಯಿತು. ಅದನ್ನೇ ಉಯಿಲು ಅಂದುಕೊಂಡು ಕೂತವರಿದ್ದಾರೆ. ಏನೇನಕ್ಕೆ ಅಧಿಕಾರ ಅಂತ ಓದದೆ ರುಜು ಹಾಕಲೇಬೇಡಿ.

"ನನ್ನ ಹೆಸರಲ್ಲಿ ಏನಿದೆ ಮಹಾ?" ಅಂತೀರಾ? ತವರಿನ ಒಡವೆ, ಹೊಲಿಗೆ ಹಾಕಿ ಕೂಡಿಟ್ಟ ಹಣ, ಚೀಟಿ ಎತ್ತಿ ಕೊಂಡ ನಿವೇಶನ, ಎಲ್ಲವೂ ನಿಮ್ಮದೇ. ಮಕ್ಕಳಿಲ್ಲದ ವಿಧವೆ ಉಯಿಲು ಬರೆಯದೆ ಹೋದರೆ, ಅವಳೇ ದುಡಿದು ಗಳಿಸಿದ್ದು ಕೂಡ ಅವಳ ಹೆತ್ತ ತಾಯಿಗಿಂತ ಮೊದಲು ಗಂಡನ ಕಡೆಯ ವಾರಸುದಾರರಿಗೆ ಹೋಗುತ್ತದೆ. ಅದು ಸರಿ ಅನ್ನಿಸಿದರೆ ಸರಿ. ಬೇಡ ಅನ್ನಿಸಿದರೆ ಬರೆದಿಡಬೇಕು, ಮನಸ್ಸಿನಲ್ಲಿಟ್ಟುಕೊಂಡರೆ ಕೋರ್ಟಿಗೆ ಕಾಣಿಸೋದಿಲ್ಲ.

ಹಾಗಾದರೆ ಈ ಹದಿನೈದು ದಿನದಲ್ಲಿ ಇಷ್ಟು ಮಾಡಿ. ಒಂದು ನೋಟ್‌ಪುಸ್ತಕದಲ್ಲಿ ನಾಮಿನಿ, ಜಾರಿ ಮಾಡುವವರು, ಸಾಕ್ಷಿಗಳು, ಪಾಲಕರು ಅಂತ ನಾಲ್ಕು ಸಾಲು ಎಳೆಯಿರಿ. ಎದುರಿಗೆ ಪೆನ್ಸಿಲಿನಲ್ಲಿ ಹೆಸರು ಬರೆಯಿರಿ. ಅಳಿಸಿ ತಿದ್ದಿ, ಪರವಾಗಿಲ್ಲ. ಉಯಿಲನ್ನೂ ಬದುಕಿರುವಷ್ಟು ದಿನ ಎಷ್ಟು ಸಲ ಬೇಕಾದರೂ ಬದಲಿಸಬಹುದು. ಹೆಸರು ಗಟ್ಟಿಯಾದ ಮೇಲೆ ವಕೀಲರ ಬಳಿ ಹೋಗಿ. ಆಮೇಲೆ ಕಾಗದ ಬೀರುವಿನ ಯಾವ ಅರೆಯಲ್ಲಿದೆ ಅಂತ ಒಬ್ಬರಿಗಾದರೂ ಹೇಳಿರಿ, ಹೇಳದೆ ಬಚ್ಚಿಟ್ಟ ಉಯಿಲು ಇದ್ದೂ ಇಲ್ಲದ ಹಾಗೆ.