ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಕಲಬೆರಕೆಯನ್ನು ಅಡಗಿಸಲು ನಮ್ಮ ದೇಶದಲ್ಲಿ ಕಾಯಿದೆಗಳಿಗೆ ಬರವಿಲ್ಲ. 1954ರಲ್ಲಿ ಆಹಾರ ಕಲಬೆರಕೆ ತಡೆ ಕಾಯಿದೆ ಬಂತು. ಅದನ್ನು ತೆಗೆದು 2006ರಲ್ಲಿ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ ಮಾಡಿದರು. 2011ರ ಆಗಸ್ಟ್ 5ರಿಂದ ಅದು ಪೂರ್ಣವಾಗಿ ಬಳಕೆಗೆ ಬಂತು. ಪ್ರಾಧಿಕಾರವಿದೆ, ಪ್ರಯೋಗಶಾಲೆಗಳಿವೆ, ಅಧಿಕಾರಿಗಳಿದ್ದಾರೆ. ಆದರೂ ಬಡವನ ತಟ್ಟೆಗೆ ಕೆಟ್ಟದ್ದು ಬೀಳುವುದು ನಿಂತಿಲ್ಲ. ಏಕೆ? ಕಾಯಿದೆಯ ಕೈ ಬೀದಿಯ ಬಂಡಿಯವರೆಗೆ ಧಾರಾಳವಾಗಿ ಚಾಚುತ್ತದೆ. ಮಂಡಿಯ ಗೋದಾಮಿನ ಬಾಗಿಲಿಗೆ ಬಂದೊಡನೆ ಮೊಟಕಾಗುತ್ತದೆ. ಇದೇ ನಮ್ಮ ಆರೋಪ.

2024ರ ಮಾರ್ಚಿಯಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೂ ಬೊಂಬಾಯಿ ಮಿಠಾಯಿಗೂ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿತು. ಪರೀಕ್ಷೆ ಮಾಡಿದ 171 ಗೋಬಿ ಮಾದರಿಗಳಲ್ಲಿ 107ರಲ್ಲಿ ಸಲ್ಲದ ಬಣ್ಣ ಸಿಕ್ಕಿತ್ತು. ಹೆಸರಾದದ್ದು ರೋಡಮಿನ್-ಬಿ. ಅದೇನೆಂದು ಗಿರಣಿಯ ಕಾರ್ಮಿಕನಿಗೆ ಹೇಳಿಕೊಡಬೇಕಾಗಿಲ್ಲ: ಬಟ್ಟೆಗೆ, ನೂಲಿಗೆ ಹಾಕುವ ಬಣ್ಣ. ಮಕ್ಕಳ ಹೊಟ್ಟೆಗೆ ಅದು ಹೋಗಕೂಡದು. ನಿಷೇಧ ನ್ಯಾಯವೇ ಸರಿ.

ಆದರೆ ಒಂದು ಮಾತು ಕೇಳಬೇಕು. ಆ ಬಣ್ಣವನ್ನು ಗೋಬಿ ಮಾರುವವನು ತನ್ನ ಮನೆಯ ಒಲೆಯ ಮೇಲೆ ಕಾಸಿದನೇ? ಯಾವುದೋ ಕಾರ್ಖಾನೆ ಅದನ್ನು ತಯಾರಿಸಿತು. ಯಾವನೋ ಸಾಹುಕಾರ ಸಗಟಾಗಿ ತರಿಸಿದ. ಮತ್ತೊಬ್ಬ ಹೆಸರಿಲ್ಲದ ಪೊಟ್ಟಣ ಕಟ್ಟಿ ಮಾರಿದ. ಇಷ್ಟು ಕೈ ದಾಟಿ ಬಂದ ಬಣ್ಣಕ್ಕೆ ಕೊನೆಯ ಕೈಯೊಂದನ್ನೇ ಹಿಡಿದು ಜೈಲು ತೋರಿಸುವುದು ಯಾವ ನ್ಯಾಯ?

ಹೀಗೆಂದ ಕೂಡಲೇ, ಚಿಲ್ಲರೆ ಅಂಗಡಿಯವನ ಕಳ್ಳತನಕ್ಕೆ ಸಮಾಜವಾದಿಗಳು ವಕಾಲತ್ತು ಹಾಕುತ್ತಾರೆಂದು ಕೆಲವರು ಕೂಗಬಹುದು. ಇಲ್ಲ. ಖಾರದ ಪುಡಿಗೆ ಇಟ್ಟಿಗೆ ಪುಡಿ ಬೆರೆಸುವವನ ಅಂಗಡಿ ನಾಲ್ಕೇ ಅಡಿ ಅಗಲವಿದ್ದರೂ ಅವನು ಜನದ್ರೋಹಿಯೇ. ಕಲಬೆರಕೆ ಎಂದರೆ ಕಾರ್ಮಿಕನ ಕೂಲಿಗೆ ಹಾಕುವ ಕತ್ತರಿ. ಗಿರಣಿಯ ಗೇಟಿನಲ್ಲಿ ಎಣಿಸಿ ಪಡೆದ ರೂಪಾಯಿಗೆ ಅಂಗಡಿಯಲ್ಲಿ ಮುಕ್ಕಾಲು ಪಾಲು ಬೇಳೆ, ಕಾಲು ಪಾಲು ಕಸ ಸಿಕ್ಕರೆ, ಮುಷ್ಕರ ಮಾಡಿ ಗಳಿಸಿದ ಭತ್ಯೆ ಸದ್ದಿಲ್ಲದೆ ಕೈಬಿಟ್ಟುಹೋಯಿತೆಂದೇ ಅರ್ಥ.

ಆದರೆ ತಿಳಿದು ಬೆರೆಸುವವನು ಬೇರೆ, ಕಟ್ಟಿದ ಮೂಟೆ ಬಿಚ್ಚಿ ಮಾರುವವನು ಬೇರೆ. ಈ ಭೇದವನ್ನು ಕಾಯಿದೆಯೇ ಬಲ್ಲದು. ಸರಕು ಕೊಡುವವನು ಅದರ ಸ್ವರೂಪ, ಗುಣಗಳ ಬಗ್ಗೆ ಮಾರಾಟಗಾರನಿಗೆ ಬರವಣಿಗೆಯ ಖಾತರಿ ಕೊಡಲೇಬೇಕೆಂದೂ, ಬಿಲ್ಲನ್ನೇ ಖಾತರಿಯೆಂದು ಎಣಿಸತಕ್ಕದ್ದೆಂದೂ 26ನೆಯ ಕಲಮು ಹೇಳುತ್ತದೆ. ತಕ್ಕ ಎಚ್ಚರ ವಹಿಸಿದ್ದೆನೆಂದು ರುಜುವಾತು ಮಾಡಿದವನಿಗೆ 80ನೆಯ ಕಲಮಿನಲ್ಲಿ ರಕ್ಷಣೆಯೂ ಇದೆ. ಆದರೆ ಮಂಡಿಯಲ್ಲಿ ನಡೆಯುವುದೇನು? ಬಿಲ್ಲು ಕೇಳಿದರೆ ಸಾಲ ಇಲ್ಲ, ಸಾಲ ಬೇಕಾದರೆ ಬಿಲ್ಲು ಇಲ್ಲ! ಸಾಲದ ಹಂಗಿಗೆ ಬಿದ್ದ ಚಿಲ್ಲರೆಯವನು ಬಾಯಿ ಮುಚ್ಚುತ್ತಾನೆ. ಮಾದರಿ ಕೆಟ್ಟಾಗ ಅವನ ಕೈಯಲ್ಲಿ ಚೀಟಿಯಿಲ್ಲ. ತೆರಿಗೆ ತಪ್ಪಿಸಲು ಸಾಹುಕಾರ ಹೂಡಿದ ಆಟಕ್ಕೆ ದಂಡ ತೆರುವವನು ಇವನು.

1998ರಲ್ಲಿ ದಿಲ್ಲಿಯಲ್ಲಿ ಸಾಸಿವೆ ಎಣ್ಣೆಗೆ ಅರ್ಜಿಮೋನ್ ಬೀಜದ ಎಣ್ಣೆ ಸೇರಿ ಅರವತ್ತಕ್ಕೂ ಹೆಚ್ಚು ಜನ ಸತ್ತರು. ಆಗಲೂ ಸರ್ಕಾರಕ್ಕೆ ಮೊದಲು ಹೊಳೆದದ್ದು ಬಿಡಿ ಎಣ್ಣೆಯ ಮಾರಾಟ ನಿಲ್ಲಿಸುವುದು. ಇನ್ನು 2023ರ ಜನ ವಿಶ್ವಾಸ ಕಾಯಿದೆಯನ್ನು ನೋಡಿ. ಅಸುರಕ್ಷಿತ ಆಹಾರ ಮಾರಿದರೂ ಯಾರಿಗೂ ಅಪಾಯವಾಗದ ಪ್ರಕರಣದಲ್ಲಿ ಆರು ತಿಂಗಳವರೆಗೆ ಇದ್ದ ಸಜೆಯನ್ನು ಅದು ಮೂರು ತಿಂಗಳಿಗೆ ಇಳಿಸಿ, ದಂಡದ ಮಿತಿಯನ್ನು ಮೂರು ಲಕ್ಷ ರೂ.ಗೆ ಏರಿಸಿತು. ಮೂರು ಲಕ್ಷ ದೊಡ್ಡ ಕಂಪೆನಿಗೆ ಒಂದು ದಿನದ ಜಾಹೀರಾತಿನ ಖರ್ಚು. ಬಂಡಿಯವನಿಗೆ ಬದುಕೇ ಬರಿದು. ಇದು ಯಾವ ಜನರ ವಿಶ್ವಾಸ?

ನಮ್ಮ ಬೇಡಿಕೆ ಸರಳ. ಬಿಲ್ಲು ಕೊಡದ ಸಗಟು ವ್ಯಾಪಾರಿಯ ಮೇಲೆ ಮೊದಲು ಮೊಕದ್ದಮೆ ಹೂಡಬೇಕು. ಒಂದು ಮಾದರಿ ಕೆಟ್ಟಿತೆಂದರೆ ಸರಕು ಹೊರಟ ಮೂಲದವರೆಗೆ ತನಿಖೆ ಹೋಗಬೇಕು. ಅಲ್ಲಿಯವರೆಗೆ ಕಡತ ಮುಚ್ಚಕೂಡದು. ಹದಿನಾಲ್ಕು ದಿನಗಳಲ್ಲಿ ವರದಿ ಕೊಡಬೇಕೆಂಬ ಕಾಯಿದೆಯ ಮಾತು ನಡೆಯುವಷ್ಟು ಪ್ರಯೋಗಶಾಲೆಗಳೂ ಸಿಬ್ಬಂದಿಯೂ ಜಿಲ್ಲೆಗಳಿಗೆ ದೊರೆಯಬೇಕು.

ಸರ್ಕಾರ ಕಣ್ಣು ಬಿಡುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಕೊಂಡವನೇ ಶುಲ್ಕ ಕಟ್ಟಿ ಪದಾರ್ಥವನ್ನು ಪರೀಕ್ಷೆಗೆ ಕೊಡುವ ಹಕ್ಕು 40ನೆಯ ಕಲಮಿನಲ್ಲಿದೆ. ಕೊಳ್ಳುವಾಗಲೇ ಅಂಗಡಿಯವನಿಗೆ ಹಾಗೆಂದು ತಿಳಿಸಬೇಕು. ದೋಷ ಕಂಡುಬಂದರೆ ಶುಲ್ಕ ವಾಪಸು. ಒಬ್ಬ ಕೂಲಿಗೆ ಈ ಶುಲ್ಕ ಭಾರವಾದೀತು, ಸಂಘಕ್ಕಲ್ಲ. ಗಿರಣಿಯ ಯೂನಿಯನ್ನುಗಳು ತಿಂಗಳಿಗೊಂದು ಮಾದರಿ ಕಳಿಸಲಿ. ಚಿಲ್ಲರೆ ವ್ಯಾಪಾರಿಗಳು ಒಬ್ಬೊಬ್ಬರಾಗಿ ಅಲ್ಲ, ಒಟ್ಟಾಗಿ ಮಂಡಿಗೆ ಹೋಗಿ ಬಿಲ್ಲು ಕೇಳಲಿ. ಒಬ್ಬನಿಗೆ ಸಾಲ ನಿಲ್ಲಿಸಬಲ್ಲ ಸಾಹುಕಾರ ಇಡೀ ಪೇಟೆಗೆ ನಿಲ್ಲಿಸಲಾರ. ಉಣ್ಣುವವನೂ ಮಾರುವವನೂ ಪರಸ್ಪರ ಬೈದಾಡಿಕೊಂಡಷ್ಟು ದಿನ ಗೋದಾಮಿನವನಿಗೆ ಹಬ್ಬ. ಇಬ್ಬರೂ ಒಂದಾದ ದಿನ ಅವನು ಲೆಕ್ಕ ಒಪ್ಪಿಸಲೇಬೇಕು.